ಮತ್ತೆ ಬೆಳೆದ ದುರ್ಮಾಂಸ, ಕೈಗೆ ಬಂದ ಒಪ್ಪಿಗೆ ಪತ್ರ: ಅಣ್ಣನ ಮೂಗಿನ ವಿಷಯದಲ್ಲಿ ತಿಳಿದವರ ಸಲಹೆ ಬೇಕು

ಕಾರಟಗಿಯ ತಮ್ಮ (ಭಾನುವಾರ, ರಾತ್ರಿ 9.20)

ಎಲ್ಲರಿಗೂ ನಮಸ್ಕಾರ. ನಮ್ಮ ಅಣ್ಣನಿಗೆ ಈಗ 41 ವರ್ಷ. ಕಾರಟಗಿಯ ಅಕ್ಕಿ ಗಿರಣಿಯೊಂದರಲ್ಲಿ 16 ವರ್ಷಗಳಿಂದ ದುಡಿಯುತ್ತಿದ್ದಾನೆ. ಮೊದಲು ಹಮಾಲಿಯಾಗಿದ್ದವನು ಈಗ ಭತ್ತ ಸುರಿಯುವ ಗುಂಡಿಯ ಹತ್ತಿರ ಮತ್ತು ತೌಡು ತುಂಬುವ ಕಡೆ ಮೇಲ್ವಿಚಾರಣೆ ನೋಡಿಕೊಳ್ಳುತ್ತಾನೆ. ಆರೇಳು ವರ್ಷಗಳಿಂದ ಅವನ ಎರಡೂ ಹೊಳ್ಳೆಗಳು ಕಟ್ಟಿಕೊಂಡೇ ಇರುತ್ತವೆ, ಹಣೆ ಮತ್ತು ಕಣ್ಣಿನ ಬುಡ ಭಾರವಾಗಿರುತ್ತದೆ, ರಾತ್ರಿಯೆಲ್ಲ ಬಾಯಿ ತೆರೆದು ಉಸಿರಾಡುತ್ತಾನೆ. ಒಗ್ಗರಣೆ ಸೀದು ಮನೆ ತುಂಬ ಘಾಟು ಹಬ್ಬಿದರೂ ಒಲೆಯ ಪಕ್ಕದಲ್ಲೇ ಕುಳಿತ ಅವನಿಗೆ ವಾಸನೆ ತಿಳಿಯುವುದಿಲ್ಲ.

ನಾಲ್ಕು ವರ್ಷಗಳ ಹಿಂದೆ ಸಾಲ ಮಾಡಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ದುರ್ಬೀನಿನ ಆಪರೇಷನ್ ಮಾಡಿಸಿದೆವು. ದುರ್ಮಾಂಸ (ಮೂಗಿನೊಳಗೆ ಬೆಳೆಯುವ ಮೆತ್ತನೆಯ ಗಂಟು, ಪಾಲಿಪ್) ಪೂರ್ತಿ ತೆಗೆದಿದ್ದೇವೆ, ಇನ್ನು ಚಿಂತೆಯಿಲ್ಲ ಎಂದು ಹೇಳಿ ಕಳುಹಿಸಿದರು. ಎರಡು ವರ್ಷ ತುಂಬುವುದರೊಳಗೆ ಎಲ್ಲವೂ ಮೊದಲಿನಂತೆಯೇ ಆಯಿತು. ಈಗ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದಿದ್ದೇವೆ. ಸ್ಕ್ಯಾನ್ ನೋಡಿದ ವೈದ್ಯರು ದುರ್ಮಾಂಸ ಮತ್ತೆ ಬೆಳೆದಿದೆ, ಜೊತೆಗೆ ಫಂಗಸ್ ಇರುವ ಅನುಮಾನವಿದೆ, ಇನ್ನೊಮ್ಮೆ ಆಪರೇಷನ್ ಆಗಬೇಕು ಎಂದಿದ್ದಾರೆ. ಫಂಗಸ್ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಅತ್ತಿಗೆ 2021ರ ಕಪ್ಪು ಶಿಲೀಂಧ್ರವನ್ನು ನೆನೆದು ಅಳತೊಡಗಿದರು.

ಅದೇ ದಿನ ಅಲ್ಲಿ ಓದುತ್ತಿರುವ ಯುವ ವೈದ್ಯರೊಬ್ಬರು ನಾಲ್ಕು ಪುಟದ ಒಪ್ಪಿಗೆ ಪತ್ರವನ್ನು ಕೊಟ್ಟು, ಆಪರೇಷನ್ನಿನಲ್ಲಿ ತೆಗೆದ ಮಾಂಸದ ಒಂದು ತುಣುಕು, ಮೂಗಿನ ಲೋಳೆ ಮತ್ತು ಸ್ವಲ್ಪ ರಕ್ತವನ್ನು ಸಂಶೋಧನೆಗೆ ಬಳಸಿಕೊಳ್ಳಲು ಅನುಮತಿ ಕೇಳಿದ್ದಾರೆ. ಅಣ್ಣನನ್ನು ಪ್ರಯೋಗಪಶು ಮಾಡುತ್ತಾರೆ ಎಂದು ಮನೆಯವರೆಲ್ಲ ಹೆದರಿದ್ದಾರೆ. ತೆಗೆದದ್ದು ಮತ್ತೆ ಏಕೆ ಬೆಳೆಯಿತು, ಇದು ಗಿರಣಿಯ ಧೂಳಿನಿಂದ ಬಂದದ್ದೇ, ಆ ಪತ್ರಕ್ಕೆ ಸಹಿ ಹಾಕಬಹುದೇ ಎಂಬುದನ್ನು ದಯವಿಟ್ಟು ತಿಳಿದವರು ಹೇಳಿ.

ಬಳ್ಳಾರಿಯ ಮೂಗು-ಕಿವಿ-ಗಂಟಲು ವೈದ್ಯೆ (ಸೋಮವಾರ, ಬೆಳಿಗ್ಗೆ 6.50)

ಮೊದಲು ನಿಮ್ಮ ಅತ್ತಿಗೆಯವರಿಗೆ ಧೈರ್ಯ ಹೇಳಿ. 2021ರಲ್ಲಿ ನಾವು ಕಂಡ ಕಾಯಿಲೆ ಮ್ಯೂಕರ್‌ಮೈಕೋಸಿಸ್. ಹತೋಟಿಯಿಲ್ಲದ ಸಕ್ಕರೆ ಕಾಯಿಲೆಯವರಲ್ಲಿ, ಕೋವಿಡ್‌ಗೆ ಸ್ಟೀರಾಯ್ಡ್ ಪಡೆದವರಲ್ಲಿ ಆ ಶಿಲೀಂಧ್ರವು ರಕ್ತನಾಳಗಳ ಒಳಕ್ಕೇ ನುಗ್ಗಿ, ರಕ್ತದ ಹರಿವನ್ನು ತಡೆದು, ಮೂಗಿನಿಂದ ಕಣ್ಣಿಗೂ ಮಿದುಳಿಗೂ ಕೆಲವೇ ದಿನಗಳಲ್ಲಿ ಹರಡುತ್ತಿತ್ತು. ದೇಶದಲ್ಲಿ ಆ ವರ್ಷ 40 ಸಾವಿರಕ್ಕೂ ಹೆಚ್ಚು ಮಂದಿಗೆ ಅದು ತಗುಲಿತು. ಆ ತಿಂಗಳುಗಳಲ್ಲಿ ನಾನು ಕೊಯ್ದು ತೆಗೆದ ಕಪ್ಪುಗಟ್ಟಿದ ಮೂಳೆಗಳನ್ನು ಇಂದಿಗೂ ಮರೆತಿಲ್ಲ. ನಿಮ್ಮ ಅಣ್ಣನವರಿಗೆ ಆರೇಳು ವರ್ಷಗಳಿಂದ ಇರುವ ತೊಂದರೆ ಅಂಥದ್ದಾಗಿರುವ ಸಾಧ್ಯತೆ ತೀರ ಕಡಿಮೆ. ನೀವು ಹೇಳಿದ್ದನ್ನು ನೋಡಿದರೆ ಅಲರ್ಜಿಯಿಂದ ಬರುವ ಶಿಲೀಂಧ್ರ ಸೈನುಸೈಟಿಸ್ (ಮೂಗಿನ ಸುತ್ತಲಿನ ಗಾಳಿಗೂಡುಗಳಾದ ಸೈನಸ್‌ಗಳ ಉರಿಯೂತ) ಎಂಬುದರ ಅನುಮಾನ ವೈದ್ಯರಿಗೆ ಬಂದಿರಬೇಕು. ಇದರಲ್ಲಿ ಶಿಲೀಂಧ್ರವು ಮಾಂಸದೊಳಕ್ಕೆ ಇಳಿಯುವುದಿಲ್ಲ; ಸೈನಸ್‌ನಲ್ಲಿ ನಿಂತ ಲೋಳೆಯಲ್ಲಿ ಬೀಡುಬಿಟ್ಟಿರುತ್ತದೆ, ಅದರ ವಿರುದ್ಧ ದೇಹವು ಅತಿಯಾಗಿ ಸಿಟ್ಟಾಗುತ್ತದೆ. ಆಪರೇಷನ್ ಮಾಡುವಾಗ ಎಣ್ಣೆ ಬಿಟ್ಟ ಶೇಂಗಾ ಹಿಂಡಿಯಂತೆ ಅಂಟಂಟಾದ ಲೋಳೆ ಸಿಗುತ್ತದೆ. ನಮ್ಮ ದೇಶದ ರೋಗಿಗಳಲ್ಲಿ ಹೆಚ್ಚಾಗಿ ಕಾಣುವುದು ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಸಿರು-ಹಳದಿ ಬೂಸ್ಟು.

ಮತ್ತೆ ಏಕೆ ಬೆಳೆಯಿತು ಎಂಬ ನಿಮ್ಮ ಪ್ರಶ್ನೆಗೆ ಸ್ವಲ್ಪ ಹಿನ್ನೆಲೆ ಬೇಕಾಗುತ್ತದೆ. ಮುಖದ ಮೂಳೆಗಳೊಳಗೆ ನಾಲ್ಕು ಜೋಡಿ ಗಾಳಿಗೂಡುಗಳಿವೆ, ಅವುಗಳನ್ನೇ ಸೈನಸ್ ಎನ್ನುತ್ತೇವೆ. ಅವುಗಳ ಒಳಪದರದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳಿದ್ದು, ಸೆಕೆಂಡಿಗೆ ಹತ್ತು ಸಲಕ್ಕೂ ಹೆಚ್ಚು ಬೀಸುತ್ತ ಲೋಳೆಯನ್ನು ಕಿರಿದಾದ ಬಾಗಿಲಿನತ್ತ ಒಯ್ಯುತ್ತವೆ. 1893ರಲ್ಲಿ ಅಮೆರಿಕದ ಕಾಲ್ಡ್‌ವೆಲ್ ಮತ್ತು 1897ರಲ್ಲಿ ಫ್ರಾನ್ಸಿನ ಲುಕ್ ವಿವರಿಸಿದ ಶಸ್ತ್ರಚಿಕಿತ್ಸೆಯಲ್ಲಿ ತುಟಿಯ ಒಳಗಿನಿಂದ ಕೆನ್ನೆಯ ಮೂಳೆ ಕೊರೆದು, ಒಳಪದರವನ್ನೆಲ್ಲ ಕೆರೆದು ತೆಗೆದು, ಕೆಳಗೆ ಹೊಸದೊಂದು ತೂತು ಮಾಡುತ್ತಿದ್ದರು. ಬಹುಕಾಲ ಅದೇ ಸರಿಯೆಂದು ನಡೆಯಿತು. ಆಸ್ಟ್ರಿಯಾದ ಗ್ರಾಜ್ ನಗರದ ಮೆಸ್ಸರ್‌ಕ್ಲಿಂಗರ್ ವರ್ಷಗಟ್ಟಲೆ ದುರ್ಬೀನಿನಲ್ಲಿ ಲೋಳೆಯ ಹಾದಿಯನ್ನು ನೋಡುತ್ತ ಕುಳಿತು, ನಾವು ಎಲ್ಲೇ ತೂತು ಕೊರೆದರೂ ಲೋಳೆ ಹುಟ್ಟಿನಿಂದ ಇರುವ ಬಾಗಿಲನ್ನೇ ಹುಡುಕಿಕೊಂಡು ಹೋಗುತ್ತದೆ ಎಂಬುದನ್ನು ಕಂಡುಕೊಂಡರು. ಇಂದಿನ ದುರ್ಬೀನಿನ ಆಪರೇಷನ್ ಆ ಒಂದು ಅರಿವಿನ ಮೇಲೆ ನಿಂತಿದೆ: ಒಳಪದರವನ್ನು ಉಳಿಸಬೇಕು, ಬಾಗಿಲನ್ನು ಅಗಲಿಸಬೇಕು. 1985ರಲ್ಲಿ ಅಮೆರಿಕದ ಕೆನಡಿ ಈ ವಿಧಾನಕ್ಕೆ ಈಗಿನ ಹೆಸರನ್ನು ಕೊಟ್ಟರು.

ಆದರೆ ಬಾಗಿಲು ಅಗಲಿಸಿದ ಮಾತ್ರಕ್ಕೆ ಒಳಪದರದ ಉರಿಯೂತ ಹೋಗುವುದಿಲ್ಲ. ಬೆಲ್ಜಿಯಂನ ಗೆಂಟ್‌ನಲ್ಲಿ ದುರ್ಮಾಂಸದ ಆಪರೇಷನ್ ಮಾಡಿಸಿಕೊಂಡವರನ್ನು 12 ವರ್ಷಗಳ ಬಳಿಕ ಮತ್ತೆ ಪರೀಕ್ಷಿಸಿ 2019ರಲ್ಲಿ ವರದಿ ಪ್ರಕಟಿಸಿದರು. ಸಿಕ್ಕ 38 ಮಂದಿಯಲ್ಲಿ 30 ಮಂದಿಗೆ ದುರ್ಮಾಂಸ ಮರಳಿ ಬಂದಿತ್ತು. ಆಪರೇಷನ್ನಿನಿಂದ ಔಷಧ ಒಳಗೆ ತಲುಪಲು ದಾರಿಯಾಗುತ್ತದೆ, ಆಮೇಲೆ ಸ್ಟೀರಾಯ್ಡ್ ಸ್ಪ್ರೇ ಮತ್ತು ಉಪ್ಪುನೀರಿನ ತೊಳೆತ ವರ್ಷಗಟ್ಟಲೆ ಮುಂದುವರಿಯಬೇಕು. ಪೂರ್ತಿ ತೆಗೆದಿದ್ದೇವೆ, ಇನ್ನು ಚಿಂತೆಯಿಲ್ಲ ಎಂದು ಯಾರು ಹೇಳಿದ್ದರೋ ಅವರು ಹೇಳಬಾರದ ಮಾತನ್ನು ಹೇಳಿದ್ದಾರೆ. ಆ ಮಾತು ಕೇಳಿಯೇ ನಮ್ಮ ಕಡೆಯ ರೋಗಿಗಳು ಔಷಧ ಬಿಡುತ್ತಾರೆ, ಇದು ನನಗೆ ಬಹಳ ನೋವಿನ ವಿಷಯ. ಅಣ್ಣನವರು ಆಗ ಸ್ಪ್ರೇ ಬಳಸುತ್ತಿದ್ದರೇ? ಉಬ್ಬಸವಿದೆಯೇ? ನೋವಿನ ಮಾತ್ರೆ ನುಂಗಿದಾಗ ಉಸಿರು ಕಟ್ಟಿದ್ದುಂಟೇ? ಉಬ್ಬಸ, ದುರ್ಮಾಂಸ, ಆಸ್ಪಿರಿನ್ ಆಗದಿರುವಿಕೆ ಈ ಮೂರೂ ಒಬ್ಬರಲ್ಲೇ ಕೂಡಿಬರುವುದನ್ನು ಫ್ರಾನ್ಸಿನ ವಿದಾಲ್ 1922ರಲ್ಲೇ ಗುರುತಿಸಿದ್ದರು. ಅಂಥವರಲ್ಲಿ ದುರ್ಮಾಂಸ ಬಹುಬೇಗ ಮರಳುತ್ತದೆ.

ಕಾರಟಗಿಯ ತಮ್ಮ (ಸೋಮವಾರ, ಮಧ್ಯಾಹ್ನ 1.15)

ಮೇಡಂ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ನಿಮಗೆ ಕೃತಜ್ಞರಾಗಿದ್ದೇವೆ. ಅತ್ತಿಗೆಗೆ ಓದಿ ಹೇಳಿದೆ, ಸ್ವಲ್ಪ ಸಮಾಧಾನ ಮಾಡಿಕೊಂಡರು. ಸ್ಪ್ರೇ ಕೊಟ್ಟಿದ್ದರು, ಒಂದು ಬಾಟಲಿ ಮುಗಿಯುವ ಹೊತ್ತಿಗೆ ಮೂಗು ಚೆನ್ನಾಗಿ ಬಿಟ್ಟಿದ್ದರಿಂದ ಮತ್ತೆ ತರಲಿಲ್ಲ. ತರಬೇಕೆಂದು ನಮಗೆ ಗೊತ್ತಿರಲೂ ಇಲ್ಲ. ನೋವಿನ ಮಾತ್ರೆಯಿಂದ ತೊಂದರೆಯಾದದ್ದಿಲ್ಲ. ಸುಗ್ಗಿಯಲ್ಲಿ, ಅಂದರೆ ನವೆಂಬರ್-ಡಿಸೆಂಬರಿನಲ್ಲಿ ಮತ್ತು ಬೇಸಿಗೆ ಬೆಳೆ ಬರುವ ಏಪ್ರಿಲ್-ಮೇ ತಿಂಗಳಲ್ಲಿ, ಎದೆಯಲ್ಲಿ ಸುಂಯ್ ಎನ್ನುವ ಸದ್ದು ಬರುತ್ತದೆ. ಅದನ್ನು ಇದುವರೆಗೆ ಯಾವ ವೈದ್ಯರೂ ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ.

ಕೊಪ್ಪಳದ ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕ (ಸೋಮವಾರ, ಸಂಜೆ 5.40)

ವೈದ್ಯೆಯವರ ಮಾತನ್ನು ಗೌರವಿಸುತ್ತಲೇ ನಾನು ಬೇರೊಂದು ಕಡೆಗೆ ಗಮನ ಸೆಳೆಯಬಯಸುತ್ತೇನೆ. ಗಿರಣಿಯ ಧೂಳನ್ನು ದೂರುವ ಮೊದಲು ಊರ ಸುತ್ತ ಏನು ಬೆಳೆದಿದೆ ಎಂದು ನೋಡಬೇಕು. ಕಾರಟಗಿಯಿಂದ ಸಿರುಗುಪ್ಪದವರೆಗೆ ಕಾಲುವೆಯ ಏರಿ, ಬೀಳು ಹೊಲ, ರಸ್ತೆಯ ಎರಡೂ ಬದಿಯಲ್ಲಿ ಇರುವುದು ಜಾಲಿಯೇ, ಅದೂ ನೆರೆಯ ಜಿಲ್ಲೆಯ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ. ಇದು ಇಲ್ಲಿಯ ಮರವಲ್ಲ, ಅಮೆರಿಕ ಖಂಡದ್ದು. ಆಗ ಬಳ್ಳಾರಿಯಂತೆಯೇ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಕಡಪದ ಕಡೆ 1877ರ ಸುಮಾರಿಗೆ ಉರುವಲಿಗೆಂದು ನೆಟ್ಟದ್ದು ಬರಗಾಲಕ್ಕೆ ಬಗ್ಗದೆ ಬೆಳೆದು ಎಲ್ಲ ಕಡೆ ಹಬ್ಬಿತು. ಇದರ ಪರಾಗದಿಂದ ಮೂಗಿನ ಅಲರ್ಜಿ ಬರುತ್ತದೆ ಎಂಬುದನ್ನು ರಾಜಸ್ಥಾನದಲ್ಲೂ ಕೊಲ್ಲಿ ದೇಶಗಳಲ್ಲೂ ಚರ್ಮದ ಪರೀಕ್ಷೆಗಳ ಮೂಲಕ ತೋರಿಸಿದ್ದಾರೆ.

ಇನ್ನೊಂದು, ನಾವು ಕಾಂಗ್ರೆಸ್ ಗಿಡ ಎನ್ನುವ ಪಾರ್ಥೇನಿಯಂ. ಅದು 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶವನ್ನೆಲ್ಲ ಆವರಿಸಿತು. 1990ರ ದಶಕದ ಆರಂಭದಲ್ಲಿ ಬೆಂಗಳೂರಿನ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಅಲ್ಲಿ ಪರೀಕ್ಷಿಸಿದ ಜನರಲ್ಲಿ ಶೇ. 7ರಷ್ಟು ಮಂದಿಗೆ ಇದರ ಪರಾಗದಿಂದಲೇ ಅಲರ್ಜಿಯ ನೆಗಡಿ ಇತ್ತು. ಮೂವತ್ತು ವರ್ಷ ಪಾಠ ಹೇಳಿದ ನಾನು ಪ್ರತಿ ಮಳೆಗಾಲದ ಕೊನೆಗೆ ಮಕ್ಕಳನ್ನು ಕರೆದುಕೊಂಡು ಈ ಗಿಡಗಳನ್ನು ಕೀಳಿಸುತ್ತಿದ್ದೆ. ಕಿತ್ತ ಮರುದಿನ ಅರ್ಧ ತರಗತಿ ಸೀನುತ್ತ ಬರುತ್ತಿತ್ತು. ಹೂ ಬಿಡುವ ಮೊದಲೇ ಕೀಳಿಸಬೇಕಿತ್ತು ಎಂಬ ಪಶ್ಚಾತ್ತಾಪ ನನಗಿದೆ. ನನ್ನ ಅಭಿಪ್ರಾಯದಲ್ಲಿ ಈ ರೋಗಿಯ ಮೂಲ ಕಾರಣ ಪರಾಗವೇ. ಬೂಸ್ಟು ಆಮೇಲೆ ಸೇರಿಕೊಂಡಿರಬೇಕು. ಮೂಗಿನ ಲೋಳೆಯಲ್ಲಿ ಬೂಸ್ಟು ಸಿಕ್ಕಿದೆಯೆಂದು ಅದನ್ನೇ ಅಪರಾಧಿ ಮಾಡುವುದು ಎಷ್ಟು ಸರಿ?

ಬಳ್ಳಾರಿಯ ಮೂಗು-ಕಿವಿ-ಗಂಟಲು ವೈದ್ಯೆ (ಸೋಮವಾರ, ರಾತ್ರಿ 10.05)

ಗುರುಗಳೇ, ನಿಮ್ಮ ಕೊನೆಯ ಪ್ರಶ್ನೆ ಬಹಳ ಮುಖ್ಯವಾದದ್ದು. ನಮ್ಮ ಶಾಖೆಯನ್ನು ಹತ್ತು ವರ್ಷ ಅಲ್ಲಾಡಿಸಿದ ಪ್ರಶ್ನೆಯೇ ಅದು. 1999ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರು ದೀರ್ಘಕಾಲದ ಸೈನುಸೈಟಿಸ್ ಇದ್ದ 210 ರೋಗಿಗಳ ಮೂಗನ್ನು ತೊಳೆದು, ಆ ದ್ರವವನ್ನು ಎಚ್ಚರಿಕೆಯಿಂದ ಬೆಳೆಸಿ ನೋಡಿದಾಗ 202 ಮಂದಿಯಲ್ಲಿ ಶಿಲೀಂಧ್ರ ಸಿಕ್ಕಿತು. ಎಲ್ಲ ಸೈನುಸೈಟಿಸ್‌ಗೂ ಶಿಲೀಂಧ್ರವೇ ಕಾರಣ ಎಂಬ ಸುದ್ದಿ ಜಗತ್ತಿನ ತುಂಬ ಹರಡಿತು. ಆದರೆ ಅದೇ ವರದಿಯಲ್ಲಿ ಇನ್ನೊಂದು ಸಾಲಿತ್ತು: ಹೋಲಿಕೆಗೆಂದು ತೆಗೆದುಕೊಂಡ 14 ಮಂದಿ ಆರೋಗ್ಯವಂತರಲ್ಲಿ ಹದಿನಾಲ್ಕೂ ಜನರ ಮೂಗಿನಲ್ಲಿ ಶಿಲೀಂಧ್ರವಿತ್ತು. ನಾವೆಲ್ಲರೂ ದಿನವೂ ಉಸಿರಿನೊಂದಿಗೆ ಬೂಸ್ಟಿನ ಕಣಗಳನ್ನು ಎಳೆದುಕೊಳ್ಳುತ್ತೇವೆ, ಅವು ಮೂಗಿನಲ್ಲಿ ಸಿಗುವುದು ಸಹಜ. ಅಷ್ಟಾದರೂ ಶಿಲೀಂಧ್ರ ಕೊಲ್ಲುವ ಆಂಫೋಟೆರಿಸಿನ್ ಔಷಧದಿಂದ ಮೂಗು ತೊಳೆದರೆ ಗುಣವಾಗಬಹುದೇ ಎಂದು ಯುರೋಪಿನ ಆರು ಕೇಂದ್ರಗಳಲ್ಲಿ 116 ರೋಗಿಗಳ ಮೇಲೆ ಪರೀಕ್ಷಿಸಿದರು. ಅರ್ಧ ಜನರಿಗೆ ಔಷಧ, ಅರ್ಧ ಜನರಿಗೆ ಔಷಧವಿಲ್ಲದ ದ್ರಾವಣ. ಯಾರಿಗೆ ಯಾವುದು ಎಂಬುದು ರೋಗಿಗೂ ವೈದ್ಯರಿಗೂ ಗೊತ್ತಿರಲಿಲ್ಲ. 2006ರಲ್ಲಿ ಫಲಿತಾಂಶ ಬಂತು, ಎರಡು ಗುಂಪುಗಳಿಗೂ ವ್ಯತ್ಯಾಸವಿರಲಿಲ್ಲ.

ಹಾಗೆಂದು ಎಲ್ಲರಲ್ಲೂ ಬೂಸ್ಟು ನಿರಪರಾಧಿಯಲ್ಲ. ಅಲರ್ಜಿಯ ಶಿಲೀಂಧ್ರ ಸೈನುಸೈಟಿಸ್ ಪ್ರತ್ಯೇಕವಾದ ಕಾಯಿಲೆ. ಅದಕ್ಕೆ ದುರ್ಮಾಂಸ, ರಕ್ತದಲ್ಲಿ ಅಥವಾ ಚರ್ಮದ ಪರೀಕ್ಷೆಯಲ್ಲಿ ಶಿಲೀಂಧ್ರದ ಅಲರ್ಜಿ, ಸ್ಕ್ಯಾನಿನ ಗುರುತುಗಳು, ಆ ಅಂಟು ಲೋಳೆ, ಮಾಂಸದೊಳಕ್ಕೆ ಇಳಿಯದ ಶಿಲೀಂಧ್ರ ಎಂಬ ಐದು ಲಕ್ಷಣಗಳನ್ನು 1994ರಲ್ಲಿ ಬೆಂಟ್ ಮತ್ತು ಕುನ್ ಸೂಚಿಸಿದರು. ಇವೆಲ್ಲ ಕೂಡಿದರೆ ಮಾತ್ರ ಆ ಹೆಸರು. ಪರಾಗದ ವಿಷಯದಲ್ಲಿ ನಿಮ್ಮೊಂದಿಗೆ ಪೂರ್ತಿ ಒಪ್ಪಲಾರೆ. ಪರಾಗದ ಅಲರ್ಜಿಯಲ್ಲಿ ಸಾಲುಸಾಲು ಸೀನು, ನೀರಿನಂತೆ ಸುರಿಯುವ ಮೂಗು, ಕಣ್ಣಿನ ತುರಿಕೆ ಮುಂದಾಗಿರುತ್ತವೆ. ಈ ರೋಗಿಯಲ್ಲಿ ಕಟ್ಟಿದ ಮೂಗು ಮತ್ತು ಹೋದ ವಾಸನೆ ಮುಂದಾಗಿವೆ. ಜಾಲಿ ಊರಿನ ಎಲ್ಲರ ಸುತ್ತಲೂ ಇದೆ, ಭತ್ತದ ಧೂಳು ಗಿರಣಿಯವರ ಸುತ್ತ ಮಾತ್ರ ಇದೆ. ಚಂಡೀಗಡದ ಅರುಣಲೋಕೆ ಚಕ್ರವರ್ತಿ ಮತ್ತು ಜೊತೆಗಾರರು ಉತ್ತರ ಭಾರತದ ಹಳ್ಳಿಗಳಲ್ಲಿ ಗೋಧಿ ಒಕ್ಕಣೆಯ ಹಿನ್ನೆಲೆಯಲ್ಲಿ ಈ ಕಾಯಿಲೆಯನ್ನು ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದ್ದಾರೆ. ಗೋಧಿಯ ಧೂಳಿನ ಬಗ್ಗೆ ಅಲ್ಲಿ ಕೇಳಿದ ಪ್ರಶ್ನೆಯನ್ನೇ ತುಂಗಭದ್ರೆಯ ಭತ್ತದ ಸೀಮೆಯಲ್ಲಿ ನಾವು ಕೇಳಬೇಕು ಎಂಬುದು ನನ್ನ ಬಹುದಿನದ ಆಸೆ.

ಮಾನ್ವಿ ಔಷಧಿ ಅಂಗಡಿ (ಮಂಗಳವಾರ, ಬೆಳಿಗ್ಗೆ 11.30)

ಅಂಗಡಿಯಲ್ಲಿ ದಿನವೂ ಕಾಣುವ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಮೂಗು ಕಟ್ಟಿದವರು ಬಂದು ತಕ್ಷಣ ಬಿಡಿಸುವ ಹನಿ ಕೊಡಿ ಎನ್ನುತ್ತಾರೆ. ಜೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್ ಇರುವ ಆ ಹನಿಗಳು ಐದು ನಿಮಿಷದಲ್ಲಿ ಮೂಗು ತೆರೆಯುತ್ತವೆ ನಿಜ, ಆದರೆ ಒಂದು ವಾರಕ್ಕಿಂತ ಹೆಚ್ಚು ಹಾಕಿದರೆ ಹನಿಯ ಪ್ರಭಾವ ಇಳಿದಾಗ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ, ಮತ್ತೆ ಹನಿ, ಮತ್ತೆ ಕಟ್ಟುವುದು. ಎರಡು ವರ್ಷದಿಂದ ದಿನಕ್ಕೆ ನಾಲ್ಕು ಸಲ ಹಾಕಿಕೊಳ್ಳುವ ಗಿರಾಕಿಗಳಿದ್ದಾರೆ. ಸ್ಟೀರಾಯ್ಡ್ ಸ್ಪ್ರೇ ಹಾಗಲ್ಲ; ಅದು ನಿಧಾನವಾಗಿ, ವಾರಗಳ ಮೇಲೆ ಕೆಲಸ ಮಾಡುತ್ತದೆ. ಎರಡನ್ನೂ ಒಂದೇ ಎಂದುಕೊಂಡು, ಸ್ಪ್ರೇ ಹೊಡೆದರೂ ಮೂಗು ಬಿಡಲಿಲ್ಲವೆಂದು ಮೂರನೆಯ ದಿನಕ್ಕೆ ಹಿಂತಿರುಗಿಸಲು ಬರುತ್ತಾರೆ. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ನಡುವಿನ ಗೋಡೆಗೆ ಬಡಿಯದಂತೆ ಹೊರಮಗ್ಗುಲಿಗೆ ತಿರುಗಿಸಿ ಹೊಡೆಯಬೇಕು ಎಂದು ಪ್ರತಿಯೊಬ್ಬರಿಗೂ ಕೈಹಿಡಿದು ತೋರಿಸುತ್ತೇನೆ.

ನೆಗಡಿ ಬಂದ ಎರಡನೆಯ ದಿನಕ್ಕೇ ಆ್ಯಂಟಿಬಯೋಟಿಕ್ ಕೇಳುವುದು ಇನ್ನೊಂದು. ನೆಗಡಿಯಲ್ಲಿ ಬ್ಯಾಕ್ಟೀರಿಯಾದ ಸೈನುಸೈಟಿಸ್ ಆಗುವುದು ನೂರಕ್ಕೆ ಒಂದೆರಡು ಮಂದಿಗೆ ಮಾತ್ರ ಎಂದು ಓದಿದ್ದೇನೆ, ಮೇಡಂ ಖಚಿತಪಡಿಸಬೇಕು.

ಬಳ್ಳಾರಿಯ ಮೂಗು-ಕಿವಿ-ಗಂಟಲು ವೈದ್ಯೆ (ಮಂಗಳವಾರ, ಮಧ್ಯಾಹ್ನ 2.20)

ನೀವು ಓದಿದ್ದು ಸರಿಯಾಗಿದೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ತೀವ್ರ ಸೈನುಸೈಟಿಸ್‌ನ ಲಕ್ಷಣಗಳಿದ್ದ 166 ವಯಸ್ಕರಿಗೆ ಹತ್ತು ದಿನ ಅಮಾಕ್ಸಿಸಿಲಿನ್ ಅಥವಾ ಔಷಧವಿಲ್ಲದ ಮಾತ್ರೆ ಕೊಟ್ಟು ನೋಡಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಮೂರನೆಯ ದಿನ ಎರಡು ಗುಂಪಿನವರೂ ಒಂದೇ ರೀತಿ ಇದ್ದರು, ಹತ್ತನೆಯ ದಿನವೂ ಹಾಗೆಯೇ. ಆದರೆ ಕಣ್ಣು ಊದಿಕೊಂಡರೆ, ದೃಷ್ಟಿ ಮಂಜಾದರೆ, ಜ್ವರದೊಂದಿಗೆ ಕತ್ತು ಬಿಗಿದರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಬರಬೇಕು. ಒಂದೇ ಹೊಳ್ಳೆಯಿಂದ ದುರ್ವಾಸನೆಯ ಕೀವು ಬಂದರೆ ಮೇಲಿನ ಹಲ್ಲಿನ ಬೇರನ್ನೂ ಪರೀಕ್ಷಿಸಬೇಕು. ಒಂದೇ ಹೊಳ್ಳೆಯಲ್ಲಿ ಮುಟ್ಟಿದರೆ ರಕ್ತ ಸುರಿಸುವ ಕೆಂಪು ಗಂಟು ಕಂಡರೆ, ಅದೂ ಕೆರೆ-ಹೊಂಡಗಳಲ್ಲಿ ಈಜುವವರಲ್ಲಿ, ಅದು ದುರ್ಮಾಂಸವಾಗಿರದೆ ರೈನೋಸ್ಪೊರಿಡಿಯೋಸಿಸ್ ಆಗಿರಬಹುದು. ಭಾರತ ಮತ್ತು ಶ್ರೀಲಂಕಾದಲ್ಲಿ ಹೆಚ್ಚು ಕಾಣುವ ಆ ಕಾಯಿಲೆಯ ಜೀವಿಯನ್ನು ಬಹುಕಾಲ ಶಿಲೀಂಧ್ರವೆಂದೇ ನಂಬಿದ್ದರು. 1999ರಲ್ಲಿ ಅದರ ವಂಶವಾಹಿಯನ್ನು ಪರೀಕ್ಷಿಸಿದಾಗ ಅದು ಮೀನುಗಳಿಗೆ ರೋಗ ತರುವ ಜೀವಿಗಳ ನೆಂಟನೆಂದು ತಿಳಿಯಿತು.

ಗಂಗಾವತಿ ಗಿರಣಿ ಗುಮಾಸ್ತ (ಮಂಗಳವಾರ, ರಾತ್ರಿ 8.45)

ತಮ್ಮಾ, ನಾನೂ ಗಿರಣಿಯಲ್ಲಿ ಲೆಕ್ಕ ಬರೆಯುವವನು. ಧೂಳು ಎಂದು ಒಂದೇ ಮಾತಿನಲ್ಲಿ ಹೇಳಿದರೆ ಆಸ್ಪತ್ರೆಯವರಿಗೆ ತಿಳಿಯುವುದಿಲ್ಲ. ಭತ್ತ ಸುರಿಯುವಾಗ ಏಳುವುದು ಮಣ್ಣು ಮತ್ತು ಭತ್ತದ ಸುಂಕು. ಅದು ಮೈಗೆ ತಾಗಿದರೆ ತುರಿಸುತ್ತದೆ. ತೌಡು ತುಂಬುವಾಗ ಏಳುವುದು ಹಿಟ್ಟಿನಂತೆ ನುಣುಪು. ಬಾಯ್ಲರಿನ ಕಡೆ ಇರುವುದು ಹೊಟ್ಟು ಸುಟ್ಟ ಬೂದಿ. ಮಳೆಗೆ ಸಿಕ್ಕು ಬಿಸಿಯೇರಿದ ಭತ್ತದ ಚೀಲ ಬಿಚ್ಚಿದ ದಿನ ಮುಗ್ಗಲು ವಾಸನೆಯೊಂದಿಗೆ ಹಸಿರು ಪುಡಿಯೇ ಹಾರುತ್ತದೆ, ಅಂದು ಎಲ್ಲರಿಗೂ ಕೆಮ್ಮು. ನಿಮ್ಮ ಅಣ್ಣ ಯಾವ ಕಡೆ ಎಷ್ಟು ವರ್ಷ ನಿಂತಿದ್ದಾನೆ ಎಂಬುದನ್ನು ಬಿಡಿಸಿ ಬರೆದುಕೊಡಿ. ಮೂಗಿಗೆ ವಲ್ಲಿ ಸುತ್ತಿಕೊಂಡರೆ ಸಾಕೆಂದು ನಾವೆಲ್ಲ ನಂಬಿದ್ದೇವೆ. ವಲ್ಲಿ ದಪ್ಪ ಧೂಳನ್ನು ತಡೆಯುತ್ತದೆ, ನುಣುಪಾದದ್ದನ್ನು ತಡೆಯುವುದಿಲ್ಲ. ಕೋವಿಡ್ ಕಾಲದಲ್ಲಿ ಎನ್-95 ಮುಖಗವಸು ಹಾಕಿಕೊಂಡು ಕೆಲಸ ಮಾಡಿದ ಎರಡು ಸುಗ್ಗಿಗಳಲ್ಲಿ ನನ್ನ ನೆಗಡಿ ಅರ್ಧಕ್ಕೆ ಇಳಿದಿತ್ತು. ಸೆಕೆಗೆ ತಡೆಯಲಾಗದೆ ಬಿಟ್ಟೆ, ಬಿಡಬಾರದಿತ್ತು.

ರಾಯಚೂರಿನ ಸಂಖ್ಯಾಶಾಸ್ತ್ರ ಅಧ್ಯಾಪಕಿ (ಬುಧವಾರ, ಬೆಳಿಗ್ಗೆ 7.10)

ಒಪ್ಪಿಗೆ ಪತ್ರದ ಪ್ರಶ್ನೆಗೆ ಇದುವರೆಗೆ ಯಾರೂ ನೇರವಾಗಿ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ವೈದ್ಯಕೀಯ ವಿದ್ಯಾರ್ಥಿಗಳ ಪ್ರಬಂಧಗಳಿಗೆ ಲೆಕ್ಕ ಮಾಡಿಕೊಡುವ ಕೆಲಸವನ್ನು ಹಲವು ವರ್ಷಗಳಿಂದ ಮಾಡಿದ್ದೇನೆ.

ಸ್ನಾತಕೋತ್ತರ ಓದುವ ಪ್ರತಿ ವೈದ್ಯರೂ ಒಂದು ಪ್ರಬಂಧ ಬರೆಯಲೇಬೇಕು, ಅದಕ್ಕೆ ಕಾಲೇಜಿನ ನೀತಿ ಸಮಿತಿಯ (ಎಥಿಕ್ಸ್ ಕಮಿಟಿ) ಅನುಮೋದನೆ ಮೊದಲೇ ಆಗಿರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಒಪ್ಪಿಗೆ ಪತ್ರ ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕು, ಓದಲು ಬಾರದವರಿಗೆ ಸಾಕ್ಷಿಯ ಎದುರು ಓದಿ ಹೇಳಬೇಕು, ಒಂದು ಪ್ರತಿಯನ್ನು ರೋಗಿಗೆ ಕೊಡಬೇಕು. ಒಪ್ಪದಿದ್ದರೂ, ಒಪ್ಪಿದ ಮೇಲೆ ಹಿಂದೆ ಸರಿದರೂ ಚಿಕಿತ್ಸೆಯಲ್ಲಿ ಯಾವ ಕೊರತೆಯೂ ಆಗಕೂಡದು. ಹೇಗಿದ್ದರೂ ತೆಗೆಯಬೇಕಾದ ಮಾಂಸದಿಂದ ತುಣುಕನ್ನು ಪರೀಕ್ಷೆಗೆ ಬಳಸುವುದು ಒಂದು ಬಗೆಯಾದರೆ, ಹೊಸ ಔಷಧವನ್ನು ಕೊಟ್ಟು ನೋಡುವುದು ಬೇರೆಯೇ ಬಗೆ. ಎರಡನೆಯದಾದರೆ 2009ರಿಂದ ಅದನ್ನು ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಿಸುವುದು ಕಡ್ಡಾಯ. ನಿಮ್ಮ ಮಾತಿನಿಂದ ಇದು ಮೊದಲ ಬಗೆಯದೆಂದು ತೋರುತ್ತದೆ, ಆದರೂ ಕೇಳಿ ಖಚಿತಪಡಿಸಿಕೊಳ್ಳಿ. ತುಣುಕನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ, ರಕ್ತ ಪರೀಕ್ಷೆಯ ಹಣ ಯಾರು ಕೊಡುತ್ತಾರೆ, ಫಲಿತಾಂಶವನ್ನು ನಿಮಗೆ ತಿಳಿಸುತ್ತಾರೆಯೇ ಎಂಬುದನ್ನೂ ಕೇಳಿ.

ಅದಕ್ಕಿಂತ ಮುಖ್ಯವಾಗಿ, ಹೋಲಿಕೆಗೆ ಯಾರನ್ನು ತೆಗೆದುಕೊಂಡಿದ್ದಾರೆ ಎಂದು ಕೇಳಿ. ಮೇಯೊ ಕ್ಲಿನಿಕ್ಕಿನ ಆ 14 ಮಂದಿ ಆರೋಗ್ಯವಂತರು ಇಲ್ಲದಿದ್ದರೆ 202 ಎಂಬ ಸಂಖ್ಯೆ ಎಲ್ಲರ ದಾರಿ ತಪ್ಪಿಸುತ್ತಿತ್ತು. ನನ್ನ ಮುಂದೆ ಬರುವ ಪ್ರಬಂಧಗಳಲ್ಲಿ ನಾನು ಹೆಚ್ಚು ಸಲ ಕಂಡ ಕೊರತೆ ಇದೇ: ಐವತ್ತು ರೋಗಿಗಳಿರುತ್ತಾರೆ, ಒಬ್ಬ ಆರೋಗ್ಯವಂತನೂ ಇರುವುದಿಲ್ಲ. ಇನ್ನೊಂದು ಕೊರತೆ ಉದ್ಯೋಗದ ಕಾಲಂ. ಅಲ್ಲಿ ಕೂಲಿ, ಕೃಷಿ, ಗೃಹಿಣಿ, ಇತರೆ ಎಂದಷ್ಟೇ ಇರುತ್ತದೆ. ಗಣಿಯಲ್ಲಿ ದುಡಿದವನೂ ಹತ್ತಿ ಜಿನ್ನಿನಲ್ಲಿ ದುಡಿದವಳೂ ಗಿರಣಿಯ ಹಮಾಲಿಯೂ ಕೂಲಿ ಎಂಬ ಒಂದೇ ಪದದಲ್ಲಿ ಕಳೆದುಹೋಗುತ್ತಾರೆ.

ಉದ್ಯೋಗವನ್ನು ಬಿಡಿಸಿ ಬರೆಯುವುದರಿಂದ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಹೈ ವೈಕೊಂಬ್ ಊರನ್ನು ನೋಡಬೇಕು. ಅದು ಕುರ್ಚಿ, ಮೇಜು ಮಾಡುವ ಬಡಗಿಗಳ ಊರು. 1960ರ ದಶಕದಲ್ಲಿ ಅಲ್ಲಿಯ ಮೂಗು-ಕಿವಿ-ಗಂಟಲು ವೈದ್ಯೆ ಎಸ್ಮೆ ಹ್ಯಾಡ್‌ಫೀಲ್ಡ್, ತಮ್ಮ ಬಳಿಗೆ ಬರುವ ಮೂಗಿನ ಒಳಗಿನ ಒಂದು ಬಗೆಯ ಅಪರೂಪದ ಕ್ಯಾನ್ಸರಿನ ರೋಗಿಗಳಲ್ಲಿ ಬಹುಪಾಲು ಪೀಠೋಪಕರಣದ ಕೆಲಸದವರೇ ಎಂಬುದನ್ನು ಗಮನಿಸಿದರು. ಆಕ್ಸ್‌ಫರ್ಡ್‌ನ ಮ್ಯಾಕ್‌ಬೆತ್, ಆಚೆಸನ್ ಮೊದಲಾದವರ ಜೊತೆ ಸೇರಿ ರೋಗಿಗಳ ಹಳೆಯ ದಾಖಲೆಗಳನ್ನು ತೆಗೆದು ಲೆಕ್ಕ ಹಾಕಿ 1968ರಲ್ಲಿ ಪ್ರಕಟಿಸಿದರು. ಮರುವರ್ಷವೇ ಬ್ರಿಟನ್ ಸರ್ಕಾರ ಅದನ್ನು ಉದ್ಯೋಗದಿಂದ ಬರುವ ಕಾಯಿಲೆಯೆಂದು ಒಪ್ಪಿ ಪರಿಹಾರಕ್ಕೆ ಅವಕಾಶ ಮಾಡಿತು. ಇಂದು ಮರದ ಧೂಳು ಕ್ಯಾನ್ಸರ್‌ಕಾರಕಗಳ ಮೊದಲ ದರ್ಜೆಯ ಪಟ್ಟಿಯಲ್ಲಿದೆ. ರೋಗಿಯ ಹೆಸರಿನ ಮುಂದೆ ಅವನ ಕಸುಬನ್ನು ಬರೆದಿಡದೆ ಹೋಗಿದ್ದರೆ ಆ ಲೆಕ್ಕ ಸಾಧ್ಯವೇ ಆಗುತ್ತಿರಲಿಲ್ಲ. ಬಳ್ಳಾರಿಯಲ್ಲಿ 1961ರಿಂದ, ರಾಯಚೂರಿನಲ್ಲಿ 2007ರಿಂದ, ಕೊಪ್ಪಳದಲ್ಲಿ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಈ ಮೂರೂ ಕಡೆಯ ಮೂಗಿನ ವಿಭಾಗದ ಪುಸ್ತಕದಲ್ಲಿ ಕಸುಬು ಮತ್ತು ಅದರಲ್ಲಿ ಕಳೆದ ವರ್ಷಗಳು ಎಂಬ ಎರಡು ಕಾಲಂ ಇದ್ದರೆ ಸಾಕಿತ್ತು.

ಸಂಡೂರಿನ ಓದುಗ (ಬುಧವಾರ, ಬೆಳಿಗ್ಗೆ 9.30)

ದುರ್ಮಾಂಸಕ್ಕೆ ಆಪರೇಷನ್ ಇಲ್ಲದೆ ಇಂಜೆಕ್ಷನ್ ಬಂದಿದೆ ಎಂದು ಕೇಳಿದ್ದೇನೆ. ಅದನ್ನೇ ಕೊಡಿಸಬಾರದೇಕೆ?

ಬಳ್ಳಾರಿಯ ಮೂಗು-ಕಿವಿ-ಗಂಟಲು ವೈದ್ಯೆ (ಬುಧವಾರ, ಮಧ್ಯಾಹ್ನ 1.50)

ನೀವು ಕೇಳಿರುವುದು ಡ್ಯುಪಿಲುಮ್ಯಾಬ್ ಇರಬೇಕು. ಒಳಪದರದ ಉರಿಯೂತವನ್ನು ಹೊತ್ತಿಸುವ ಎರಡು ಸಂದೇಶಗಳನ್ನು ಅದು ತಡೆಯುತ್ತದೆ. ಒಟ್ಟು 724 ರೋಗಿಗಳ ಮೇಲೆ ನಡೆದ ಎರಡು ಅಧ್ಯಯನಗಳಲ್ಲಿ ದುರ್ಮಾಂಸ ಕುಗ್ಗಿ, ಹೋದ ವಾಸನೆ ಎಷ್ಟೋ ಜನರಿಗೆ ಮರಳಿತು. ಅಮೆರಿಕದಲ್ಲಿ 2019ರಲ್ಲಿ ಈ ಕಾಯಿಲೆಗೆ ಅನುಮತಿ ಸಿಕ್ಕಿತು. ಆದರೆ ಎರಡು ವಾರಕ್ಕೊಮ್ಮೆ ಚುಚ್ಚಿಸಿಕೊಳ್ಳುತ್ತಲೇ ಇರಬೇಕು, ನಿಲ್ಲಿಸಿದರೆ ಮತ್ತೆ ಬೆಳೆಯಬಹುದು, ಬೆಲೆ ಗಿರಣಿ ಕಾರ್ಮಿಕನ ಮನೆಗೆ ಎಟುಕುವಂಥದ್ದಲ್ಲ. ಅದಕ್ಕೆ ಹೋಲಿಸಿದರೆ ಸರಿಯಾದ ಆಪರೇಷನ್, ಸ್ಪ್ರೇ, ಉಪ್ಪುನೀರು ನಮ್ಮ ಕೈಯಲ್ಲೇ ಇವೆ. ಕಾಲು ಲೀಟರ್ ನೀರಿಗೆ ಅರ್ಧ ಸಣ್ಣ ಚಮಚ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡ. ನೀರು ಕುದಿಸಿ ಆರಿಸಿದ್ದೇ ಆಗಬೇಕು. ಶುದ್ಧ ನೀರಿನ ಘಟಕದ ಕ್ಯಾನಿನ ನೀರಾದರೂ ಕುದಿಸಬೇಕು, ಕಾಲುವೆ ಅಥವಾ ನಲ್ಲಿಯ ನೀರನ್ನು ಹಾಗೆಯೇ ಮೂಗಿಗೆ ಹಾಕಬಾರದು. ಯೋಗ ಮಾಡುವವರ ಜಲನೇತಿಗೂ ಇದೇ ಮಾತು ಅನ್ವಯಿಸುತ್ತದೆ.

ಕಾರಟಗಿಯವರೇ, ಎದೆಯ ಆ ಸದ್ದಿನ ವಿಷಯವನ್ನು ಆಪರೇಷನ್ನಿನ ಮೊದಲೇ ಅರಿವಳಿಕೆ ವೈದ್ಯರಿಗೆ ಹೇಳಿ. ಅದನ್ನು ಮರೆಯಬೇಡಿ.

ಕಾರಟಗಿಯ ತಮ್ಮ (ಶನಿವಾರ, ರಾತ್ರಿ 9.00)

ನಿಮ್ಮೆಲ್ಲರ ಮಾತುಗಳನ್ನು ಕಾಗದದ ಮೇಲೆ ಬರೆದುಕೊಂಡು ನಿನ್ನೆ ಆಸ್ಪತ್ರೆಗೆ ಹೋಗಿದ್ದೆವು. ಆ ಯುವ ವೈದ್ಯರು ಅರ್ಧ ಗಂಟೆ ಕುಳಿತು ಪ್ರತಿಯೊಂದಕ್ಕೂ ಉತ್ತರಿಸಿದರು. ಹೊಸ ಔಷಧ ಏನೂ ಇಲ್ಲ. ತುಣುಕು ಮತ್ತು ಲೋಳೆಯ ಪರೀಕ್ಷೆ ಮಾತ್ರ, ರಕ್ತ ಪರೀಕ್ಷೆಗೆ ನಾವು ಹಣ ಕೊಡಬೇಕಿಲ್ಲ, ಫಲಿತಾಂಶವನ್ನು ಅಣ್ಣನ ಚೀಟಿಯಲ್ಲೇ ಬರೆಯುತ್ತಾರೆ. ಹೋಲಿಕೆಗೆ ಮೂಗಿನ ನಡುಗೋಡೆ ಸೊಟ್ಟಗಿದ್ದು ಅದರ ಆಪರೇಷನ್ನಿಗೆ ಬಂದ, ಸೈನಸ್ ಕಾಯಿಲೆ ಇಲ್ಲದವರನ್ನು ತೆಗೆದುಕೊಂಡಿದ್ದಾರಂತೆ. ಕಸುಬಿನ ಕಾಲಂ ತೋರಿಸಿ ಎಂದು ಕೇಳಿದಾಗ ಅಧ್ಯಾಪಕಿಯವರು ಹೇಳಿದಂತೆಯೇ ಕೂಲಿ, ಕೃಷಿ, ಇತರೆ ಎಂದಷ್ಟೇ ಇತ್ತು. ನೀತಿ ಸಮಿತಿಯ ಒಪ್ಪಿಗೆಯಿಲ್ಲದೆ ನಮೂನೆಯನ್ನು ಬದಲಿಸುವಂತಿಲ್ಲ ಎಂದರು, ಆದರೆ ನಮ್ಮನ್ನು ತಮ್ಮ ಪ್ರಾಧ್ಯಾಪಕರ ಬಳಿಗೆ ಕರೆದೊಯ್ದರು. ಪ್ರಾಧ್ಯಾಪಕರು ಗುಮಾಸ್ತ ಅಣ್ಣಾರು ಬರೆದ ಸುಂಕು, ತೌಡು, ಬೂದಿ, ಮುಗ್ಗಲು ಭತ್ತದ ಸಾಲುಗಳನ್ನು ಎರಡು ಸಲ ಓದಿ, ಇದನ್ನು ಸೇರಿಸಲು ತಿದ್ದುಪಡಿಯ ಅರ್ಜಿಯನ್ನು ಸಮಿತಿಗೆ ಕಳುಹಿಸೋಣ ಎಂದು ಶಿಷ್ಯರಿಗೆ ಹೇಳಿದರು.

ಅಣ್ಣ ಸಹಿ ಹಾಕಿದ. ಪ್ರತಿಯನ್ನು ಅತ್ತಿಗೆ ರೇಷನ್ ಕಾರ್ಡಿನ ಜೊತೆ ಟ್ರಂಕಿನಲ್ಲಿ ಇಟ್ಟಿದ್ದಾರೆ. ಎದೆಯ ಪರೀಕ್ಷೆ ಮಾಡಿಸಿದ್ದಾರೆ, ಉಬ್ಬಸವಿದೆಯೆಂದು ಹೇಳಿ ಎಳೆದುಕೊಳ್ಳುವ ಔಷಧ ಕೊಟ್ಟಿದ್ದಾರೆ, ಆಪರೇಷನ್ ಬರುವ ತಿಂಗಳ ಮೊದಲ ವಾರಕ್ಕೆ ಗೊತ್ತಾಗಿದೆ. ಈಗ ಅಣ್ಣ ಪಕ್ಕದಲ್ಲಿ ಕುಳಿತು, ಗಿರಣಿಗೆ ಸೇರಿದ ವರ್ಷದಿಂದ ಯಾವ ಸುಗ್ಗಿಯಲ್ಲಿ ಯಾವ ಕಡೆ ನಿಂತಿದ್ದ ಎಂಬುದನ್ನು ನೆನಪು ಮಾಡಿಕೊಂಡು ಹೇಳುತ್ತಿದ್ದಾನೆ, ನಾನು ಬರೆಯುತ್ತಿದ್ದೇನೆ. ಆರು ವರ್ಷಗಳವರೆಗೆ ಬಂದಿದ್ದೇವೆ, ಇನ್ನೂ ಹತ್ತು ವರ್ಷ ಬಾಕಿ ಇದೆ.